ಮೂರೂವರೆ ವ್ಯಾಟ್‌ಗೆ ಒಪ್ಪುವ ಸ್ಪೀಕರ್

2ಎ3 ಎಂಬ ಟ್ರಯೋಡ್ ಟ್ಯೂಬನ್ನು (ಮೂರು ವಿದ್ಯುದ್ವಾರಗಳಿರುವ ನಿರ್ವಾತ ನಳಿಕೆ) ಆರ್‌ಸಿಎ ಕಂಪನಿ ಹೊರತಂದದ್ದು 1933ರಲ್ಲಿ. ಒಂದೇ ಟ್ಯೂಬ್ ಬಳಸಿದ ಸಿಂಗಲ್ ಎಂಡೆಡ್ ಆಂಪ್ಲಿಫಯರಿನಲ್ಲಿ ಅದರಿಂದ ದೊರೆಯುವುದು 3.5 ವ್ಯಾಟ್. ಅಷ್ಟು ಸಣ್ಣ ಶಕ್ತಿಯ ಆಂಪ್ಲಿಫಯರೊಂದನ್ನು ಬಿಡುವಿನ ವೇಳೆಯಲ್ಲಿ ನಾನೇ ಜೋಡಿಸಿ, ಹಲವು ವರ್ಷಗಳಿಂದ ಟ್ರಾನ್ಸಿಸ್ಟರ್ ಆಂಪ್ಲಿಫಯರಿನೊಂದಿಗೆ ಬಳಸುತ್ತಿದ್ದ ನನ್ನ ಪುಟ್ಟ ಸ್ಪೀಕರುಗಳಿಗೆ ಮೊದಲ ಬಾರಿ ಸಂಪರ್ಕಿಸಿದಾಗ ಕೇಳಿದ ಹೆಣ್ಣುದನಿಯನ್ನು ನಾನು ಮರೆತಿಲ್ಲ. ಹಾಡುವವರು ಸ್ಪೀಕರಿನ ಹಲಗೆಯನ್ನು ದಾಟಿ ಒಂದು ಹೆಜ್ಜೆ ಮುಂದೆ ಬಂದು ನಿಂತಂತಿತ್ತು. ಟ್ಯೂಬಿನ ಬಗ್ಗೆ ಕೇಳಿದ್ದೆಲ್ಲವೂ ನಿಜವೆಂದು ಆ ಕ್ಷಣ ನಂಬಿದೆ. ಅದಾದ ಅರ್ಧ ಗಂಟೆಯಲ್ಲಿ ಪಿಯಾನೊದ ಧ್ವನಿಮುದ್ರಿಕೆಯೊಂದನ್ನು ಹಾಕಿದೆ. ಎಡಗೈಯ ಸ್ವರಗಳು ಒಂದಕ್ಕೊಂದು ಅಂಟಿಕೊಂಡವು, ಬಲವಾಗಿ ನುಡಿಸಿದ ಕಡೆಯಲ್ಲೆಲ್ಲ ಸ್ವರಗಳ ಮೊನೆ ಮುರಿದಂತಾಯಿತು, ಧ್ವನಿ ಏರಿಸಿದರೆ ಗಟ್ಟಿಯಾಗುವ ಬದಲು ದಪ್ಪವಾಗುತ್ತ ಹೋಯಿತು.

ಒಂದೇ ಆಂಪ್ಲಿಫಯರ್ ಮತ್ತು ಒಂದೇ ಜೋಡಿ ಸ್ಪೀಕರ್ ಹೀಗೆ ಎರಡು ಬಗೆಯಾಗಿ ನಡೆದುಕೊಂಡದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ದನಿಯ ಸೊಗಸಿಗೂ ಪಿಯಾನೊದ ಕಲಸುಮೇಲೋಗರಕ್ಕೂ ಬಹುಪಾಲು ಕಾರಣ ಒಂದೇ ಎಂದು ಕೊನೆಗೆ ತಿಳಿಯಿತು.

ಮೊದಲು ಗಟ್ಟಿತನದ ಲೆಕ್ಕವನ್ನು ನೋಡೋಣ, ಏಕೆಂದರೆ ಅದು ಸುಲಭ. ಸ್ಪೀಕರಿನ ಸೆನ್ಸಿಟಿವಿಟಿ ಎಂದರೆ ಅದಕ್ಕೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ಬರುತ್ತದೆ ಎಂಬ ಅಳತೆ. ಶಕ್ತಿ ಇಮ್ಮಡಿಯಾದರೆ ಧ್ವನಿ 3 ಡೆಸಿಬೆಲ್ ಏರುತ್ತದೆ, ಹತ್ತರಷ್ಟಾದರೆ 10 ಡೆಸಿಬೆಲ್ ಏರುತ್ತದೆ. ನಮ್ಮ ಕಿವಿಗೆ ಧ್ವನಿ ಇಮ್ಮಡಿಯಾಯಿತೆಂದು ಅನ್ನಿಸಲು ಸರಿಸುಮಾರು ಆ 10 ಡೆಸಿಬೆಲ್ ಬೇಕಾಗುತ್ತದೆ. ಆದ್ದರಿಂದ 3.5 ವ್ಯಾಟ್ ಎಂದರೆ 1 ವ್ಯಾಟ್‌ಗಿಂತ ಕೇವಲ 5.4 ಡೆಸಿಬೆಲ್ ಹೆಚ್ಚು. ಇದೇ ಬಗೆಯ, ಇದಕ್ಕಿಂತ ಶಕ್ತಿಶಾಲಿಯಾದ 300ಬಿ ಟ್ಯೂಬಿನ 8 ವ್ಯಾಟ್ ಎಂದರೆ 9 ಡೆಸಿಬೆಲ್. ಇವೆರಡರ ನಡುವಿನ ಅಂತರ 4 ಡೆಸಿಬೆಲ್ಲನ್ನೂ ಮುಟ್ಟುವುದಿಲ್ಲ. ಆದರೆ 86 ಡೆಸಿಬೆಲ್ ಸ್ಪೀಕರಿಗೂ 96 ಡೆಸಿಬೆಲ್ ಸ್ಪೀಕರಿಗೂ ಇರುವ ಅಂತರ ಪೂರ್ತಿ ಹತ್ತು, ಅಂದರೆ ಶಕ್ತಿಯಲ್ಲಿ ಹತ್ತರಷ್ಟು. ಮೂರೂವರೆ ವ್ಯಾಟ್ ಸಾಕೇ ಎಂದು ಕೇಳುವವರು ಆಂಪ್ಲಿಫಯರಿನತ್ತ ಬೆರಳು ತೋರಿಸುತ್ತಾರೆ, ಆದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಸ್ಪೀಕರ್.

ನನ್ನ ಪುಟ್ಟ ಸ್ಪೀಕರುಗಳ ಹಿಂಬದಿಯ ಪಟ್ಟಿಯಲ್ಲಿ 8 ಓಮ್, 87 ಡೆಸಿಬೆಲ್ ಎಂದು ಅಚ್ಚಾಗಿತ್ತು. ಆ ಎರಡೂ ಸಂಖ್ಯೆಗಳನ್ನು ನಾನು ಕಣ್ಣು ಮುಚ್ಚಿ ನಂಬಿದ್ದು ತಪ್ಪಾಯಿತು. ಇಂದು ಹೆಚ್ಚಿನ ತಯಾರಕರು ಸೆನ್ಸಿಟಿವಿಟಿಯನ್ನು 1 ವ್ಯಾಟ್‌ಗೆ ಅಳೆಯದೆ 2.83 ವೋಲ್ಟ್‌ಗೆ ಅಳೆಯುತ್ತಾರೆ. ವೋಲ್ಟನ್ನು ವರ್ಗ ಮಾಡಿ ಓಮ್‌ನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ; 2.83ನ್ನು ವರ್ಗ ಮಾಡಿದರೆ 8 ಬರುತ್ತದೆ. ಆದ್ದರಿಂದ 8 ಓಮ್ ಇಂಪಿಡೆನ್ಸಿನಲ್ಲಿ (ಏರಿಳಿಯುವ ಪ್ರವಾಹಕ್ಕೆ ಸ್ಪೀಕರ್ ಒಡ್ಡುವ ತಡೆ) ಅದು ಸರಿಯಾಗಿ 1 ವ್ಯಾಟ್. ಅದೇ 2.83 ವೋಲ್ಟನ್ನು 4 ಓಮ್ ಸ್ಪೀಕರಿಗೆ ಕೊಟ್ಟರೆ ಅದು ಎಳೆದುಕೊಳ್ಳುವುದು 2 ವ್ಯಾಟ್. ಕಾಗದದ ಮೇಲೆ 90 ಎಂದು ಕಾಣುವ 4 ಓಮ್ ಸ್ಪೀಕರ್ ವಾಸ್ತವದಲ್ಲಿ ವ್ಯಾಟ್ ಒಂದಕ್ಕೆ 87 ಡೆಸಿಬೆಲ್ಲಿನದು. ಟ್ರಾನ್ಸಿಸ್ಟರ್ ಆಂಪ್ಲಿಫಯರ್ ಇಂಪಿಡೆನ್ಸ್ ಇಳಿದಷ್ಟೂ ಹೆಚ್ಚು ಪ್ರವಾಹವನ್ನು ಒದಗಿಸುವುದರಿಂದ ಅದರ ಮಟ್ಟಿಗೆ ಈ ವೋಲ್ಟ್ ಲೆಕ್ಕ ನ್ಯಾಯವಾದದ್ದೇ. ಟ್ಯೂಬಿನ ಬಳಿ ಇರುವುದು ಎಣಿಸಿದಷ್ಟೇ ವ್ಯಾಟ್, ಅದಕ್ಕೆ ವ್ಯಾಟ್ ಲೆಕ್ಕವೇ ಬೇಕು.

ಈ ಲೆಕ್ಕ ಕೆಲವೊಮ್ಮೆ ನಮಗೆ ಅನುಕೂಲವಾಗಿಯೂ ತಿರುಗುತ್ತದೆ. ಬಿಬಿಸಿ ವಿನ್ಯಾಸಗೊಳಿಸಿದ ಪ್ರಸಿದ್ಧ ಪುಟ್ಟ ಸ್ಪೀಕರ್ ಎಲ್‌ಎಸ್3/5ಎ ಮೊದಲು ಬಂದಾಗ ಅದರ ಇಂಪಿಡೆನ್ಸ್ 15 ಓಮ್. ಅಂಥ ಸ್ಪೀಕರಿನಲ್ಲಿ 2.83 ವೋಲ್ಟ್ ಎಂದರೆ ಅರ್ಧ ವ್ಯಾಟ್‌ಗಿಂತ ತುಸು ಹೆಚ್ಚು, ಆದ್ದರಿಂದ ವೋಲ್ಟ್ ಲೆಕ್ಕದ ಸಂಖ್ಯೆ ಅದನ್ನು ಇರುವುದಕ್ಕಿಂತ ಸುಮಾರು 2.7 ಡೆಸಿಬೆಲ್ ಕೆಳಗೆ ತೋರಿಸುತ್ತದೆ. ಆದರೂ ಅದು ಕಡಿಮೆ ಸೆನ್ಸಿಟಿವಿಟಿಯ ಸ್ಪೀಕರೇ ಹೌದು. ಅಂಥ ಸ್ಪೀಕರನ್ನು ಹತ್ತಿರ ಕುಳಿತು, ಚಿಕ್ಕ ಕೋಣೆಯಲ್ಲಿ, ಮಿತವಾದ ಧ್ವನಿಯಲ್ಲಿ ಕೇಳುವವರಿಗೆ ಟ್ಯೂಬಿನೊಂದಿಗೆ ಸಂತೋಷ ಸಿಗಬಹುದು, ಆದರೆ ದೊಡ್ಡ ವಾದ್ಯವೃಂದವನ್ನು ಅದರಿಂದ ನಿರೀಕ್ಷಿಸಬಾರದು.

ಇನ್ನು ನನ್ನ ಸ್ಪೀಕರಿನ 8 ಓಮ್ ಎಂಬ ಸಂಖ್ಯೆಯ ವಿಚಾರ. ಇಂಪಿಡೆನ್ಸ್ ಎಂಬುದು ಒಂದು ಸ್ಥಿರ ಸಂಖ್ಯೆಯಲ್ಲ. ಸ್ವರದ ಆವೃತ್ತಿಯೊಂದಿಗೆ ಅದು ಏರುತ್ತದೆ, ಇಳಿಯುತ್ತದೆ. ಪೆಟ್ಟಿಗೆಯಲ್ಲಿನ ಊಫರಿನ (ತಗ್ಗು ಸ್ವರಗಳನ್ನು ನುಡಿಸುವ ಘಟಕ) ಅನುರಣನ ಆವೃತ್ತಿಯಲ್ಲಿ ಕೋನು ಸಲೀಸಾಗಿ ಓಲಾಡುತ್ತ, ಅದನ್ನು ಅಲುಗಿಸುವ ತಂತಿಸುರುಳಿಯಾದ ವಾಯ್ಸ್ ಕಾಯಿಲ್ ಸ್ವತಃ ಎದುರು ವೋಲ್ಟೇಜನ್ನು ಹುಟ್ಟಿಸುವುದರಿಂದ ಅಲ್ಲಿ ಇಂಪಿಡೆನ್ಸ್ ಗುಡ್ಡದಂತೆ ಎದ್ದು ನಿಲ್ಲುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಇಂಥ ಗುಡ್ಡ ಒಂದು, ಗಾಳಿಕಿಂಡಿಯಿರುವ ಪೆಟ್ಟಿಗೆಯಲ್ಲಿ ಎರಡು. ಅದರಾಚೆ ಕಣಿವೆ. ಊಫರ್ ಮತ್ತು ಮೇಲಿನ ಸ್ವರಗಳ ಟ್ವೀಟರ್ ಕೆಲಸ ಹಂಚಿಕೊಳ್ಳುವ ಕ್ರಾಸ್‌ಓವರ್ ಜಾಗದಲ್ಲಿ ಹಲವು ಸ್ಪೀಕರುಗಳಲ್ಲಿ ಮತ್ತೊಂದು ಗುಡ್ಡ ಇರುತ್ತದೆ. ಪಟ್ಟಿಯ ಮೇಲೆ ಬರೆಯುವ ನಾಮಾಂಕಿತ ಸಂಖ್ಯೆಗೆ ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ) ಮಾನದಂಡದಲ್ಲಿ ಒಂದು ನಿಯಮವಿದೆ: ಸ್ಪೀಕರಿನ ಇಂಪಿಡೆನ್ಸ್ ಎಲ್ಲಿಯೂ ಆ ಸಂಖ್ಯೆಯ ಶೇ. 80ಕ್ಕಿಂತ ಕೆಳಗೆ ಇಳಿಯಬಾರದು. ಅಂದರೆ 8 ಓಮ್ ಎಂದು ಕರೆಸಿಕೊಳ್ಳುವ ಸ್ಪೀಕರಿನ ಅತ್ಯಂತ ಆಳದ ಕಣಿವೆ 6.4 ಓಮ್‌ಗಿಂತ ಕೆಳಗಿರಕೂಡದು. ಈ ನಿಯಮವನ್ನು ಸಡಿಲವಾಗಿ ಕಾಣುವ ತಯಾರಕರು ಕಡಿಮೆಯಿಲ್ಲ.

ನಾನು ಅಳೆದು ನೋಡಿದೆ. ವಿಧಾನ ಸರಳವಾದದ್ದರಿಂದ ವಿವರವಾಗಿ ಹೇಳುತ್ತೇನೆ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ಲಿಫಯರೊಂದಕ್ಕೆ ಕಂಪ್ಯೂಟರಿನಿಂದ ಸೈನ್ ಅಲೆಯನ್ನು ಕೊಟ್ಟು, ಅದರ ಔಟ್‌ಪುಟ್ 10 ವೋಲ್ಟ್ ಇರುವಂತೆ ಹೊಂದಿಸಿ, 1000 ಓಮ್ ರೆಸಿಸ್ಟರ್ ಒಂದರ ಮೂಲಕ ಸ್ಪೀಕರಿಗೆ ಸಂಪರ್ಕಿಸಿದೆ. ಆಗ ಹರಿಯುವ ಪ್ರವಾಹ ಸ್ಪೀಕರ್ ಯಾವುದೇ ಇರಲಿ ಸುಮಾರು 10 ಮಿಲಿಆಂಪಿಯರ್. ಆದ್ದರಿಂದ ಸ್ಪೀಕರಿನ ಎರಡು ತುದಿಗಳ ನಡುವೆ ಮೀಟರ್ ತೋರಿಸುವ ಪ್ರತಿ 10 ಮಿಲಿವೋಲ್ಟ್ ಒಂದು ಓಮ್‌ಗೆ ಸಮ. ಸ್ಪೀಕರಿನ ಜಾಗದಲ್ಲಿ ಮೊದಲು 8.2 ಓಮ್ ರೆಸಿಸ್ಟರ್ ಇಟ್ಟು 81 ಮಿಲಿವೋಲ್ಟ್ ಬರುವುದನ್ನು ಖಚಿತಪಡಿಸಿಕೊಂಡೆ. ಆಮೇಲೆ 20 ಹರ್ಟ್ಜ್‌ನಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಏರಿಸುತ್ತ, ಒಂದೊಂದು ಆವೃತ್ತಿಯ ಮುಂದೂ ಅಳತೆ ಬರೆದುಕೊಂಡೆ. ಒಂದು ಎಚ್ಚರಿಕೆ ಹೇಳಬೇಕು: ಅಗ್ಗದ ಮಲ್ಟಿಮೀಟರುಗಳ ಎಸಿ ಅಳತೆ ಕೆಲವು ನೂರು ಹರ್ಟ್ಜ್ ದಾಟಿದ ಮೇಲೆ ನಂಬಿಕೆಗೆ ಅರ್ಹವಲ್ಲ, ಅಲ್ಲಿಂದ ಮೇಲಕ್ಕೆ ಸೌಂಡ್ ಕಾರ್ಡಿನ ಮೂಲಕ ಅಳೆಯುವುದೇ ಲೇಸು.

70 ಹರ್ಟ್ಜ್ ಸುಮಾರಿಗೆ ಮೀಟರ್ 270 ದಾಟಿತು. 1000 ಓಮ್ ಜೊತೆ ಸ್ಪೀಕರಿನದೂ ಕೂಡುವುದನ್ನು ಲೆಕ್ಕಕ್ಕೆ ಹಿಡಿದರೆ ಅಲ್ಲಿ ಇಂಪಿಡೆನ್ಸ್ 28 ಓಮ್. ನಂತರ ಅದು ಕುಸಿಯುತ್ತ ಬಂದು 180 ಹರ್ಟ್ಜ್‌ನಲ್ಲಿ 48 ಮಿಲಿವೋಲ್ಟ್‌ಗೆ ತಲುಪಿ ನಿಂತಿತು, ಅಂದರೆ 4.8 ಓಮ್. 1500 ಹರ್ಟ್ಜ್ ಬಳಿ ಮತ್ತೆ 20 ಓಮ್‌ವರೆಗೆ ಏರಿತು. ಐಇಸಿ ನಿಯಮದಂತೆ ಇದು 6 ಓಮ್ ಸ್ಪೀಕರ್, 6ರ ಶೇ. 80 ಎಂದರೆ 4.8, ಗೆರೆಯ ಮೇಲೆಯೇ ನಿಂತಂತಾಯಿತು. ಅದರ 87 ಡೆಸಿಬೆಲ್ ವೋಲ್ಟ್ ಲೆಕ್ಕದ್ದಾಗಿರುವುದರಿಂದ ವ್ಯಾಟ್ ಲೆಕ್ಕದಲ್ಲಿ ಸುಮಾರು 85 ಎಂದು ತೆಗೆದುಕೊಂಡೆ. ಅದಕ್ಕೆ 3.5 ವ್ಯಾಟಿನ 5.4, ಎರಡು ಸ್ಪೀಕರುಗಳಿಗಾಗಿ 3, ಒಟ್ಟು 93.4. ನಾನು ಕುಳಿತುಕೊಳ್ಳುವುದು 2.7 ಮೀಟರ್ ದೂರದಲ್ಲಿ. ಬಯಲಿನಲ್ಲಿ ಆ ದೂರಕ್ಕೆ 8.6 ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಗೋಡೆಗಳು ಒಂದಿಷ್ಟನ್ನು ಮರಳಿಸುವುದರಿಂದ 5 ಕಳೆದೆ. ಕಿವಿಗೆ ಮುಟ್ಟುವ ಗರಿಷ್ಠ ಧ್ವನಿ 88 ಡೆಸಿಬೆಲ್ ಆಸುಪಾಸು. ಒಳ್ಳೆಯ ಪಿಯಾನೊ ಮುದ್ರಣದಲ್ಲಿ ಅತಿ ಗಟ್ಟಿಯಾದ ಕ್ಷಣಗಳು ಸರಾಸರಿ ಮಟ್ಟಕ್ಕಿಂತ 15ರಿಂದ 20 ಡೆಸಿಬೆಲ್ ಎತ್ತರದಲ್ಲಿರುತ್ತವೆ. ಹಾಗಾದರೆ ಸರಾಸರಿ ಮಟ್ಟ 70ರ ಆಸುಪಾಸಿನಲ್ಲಿ ಉಳಿಯಬೇಕು. ಅದು ಸಾಮಾನ್ಯ ಮಾತುಕತೆಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ನಾನು ಕೇಳುತ್ತಿದ್ದುದು ಅದಕ್ಕಿಂತ ಗಟ್ಟಿಯಾಗಿ. ಆಸಿಲೋಸ್ಕೋಪನ್ನು ಸ್ಪೀಕರಿನ ತುದಿಗಳಿಗೆ ಹಿಡಿದಾಗ ಪಿಯಾನೊದ ಪ್ರತಿ ದೊಡ್ಡ ಹೊಡೆತಕ್ಕೂ ಅಲೆಯ ನೆತ್ತಿ ಒಂದು ಬದಿಯಲ್ಲಿ ಚಪ್ಪಟೆಯಾಗುತ್ತಿದ್ದುದು ಕಣ್ಣಿಗೇ ಕಂಡಿತು.

ಶಕ್ತಿ ಸಾಲದ್ದಕ್ಕೆ ಇಷ್ಟು ವಿವರಣೆ ಸಾಕು. ಆದರೆ ಎಡಗೈಯ ಸ್ವರಗಳು ಮೆಲ್ಲಗೆ ನುಡಿಸಿದಾಗಲೂ ಅಂಟಿಕೊಳ್ಳುತ್ತಿದ್ದವು. ಅದಕ್ಕೆ ವ್ಯಾಟ್ ಕಾರಣವಲ್ಲ, ಇಂಪಿಡೆನ್ಸೇ ಕಾರಣ.

ಟ್ಯೂಬಿನ ಪ್ಲೇಟ್, ಅಂದರೆ ಪ್ರವಾಹ ಹೊರಬರುವ ವಿದ್ಯುದ್ವಾರ, ಸಾವಿರಾರು ಓಮ್‌ಗಳ ಹೊರೆಯನ್ನು ಬಯಸುತ್ತದೆ, ಸ್ಪೀಕರ್ ಇರುವುದು ಕೆಲವೇ ಓಮ್‌ನದು. ಈ ಎರಡರ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕುಳಿತು ಸಂಧಾನ ಮಾಡಿಸುತ್ತದೆ. ಪ್ರೈಮರಿ ಮತ್ತು ಸೆಕೆಂಡರಿ ಸುರುಳಿಗಳ ಸುತ್ತುಗಳ ಅನುಪಾತವನ್ನು ವರ್ಗ ಮಾಡಿದರೆ ಇಂಪಿಡೆನ್ಸ್ ಅನುಪಾತ ಸಿಗುತ್ತದೆ. ನನ್ನ ಟ್ರಾನ್ಸ್‌ಫಾರ್ಮರ್ 2500 ಓಮ್‌ನಿಂದ 8 ಓಮ್‌ಗೆ ಇಳಿಸುವಂಥದ್ದು, ಅಂದರೆ ಅನುಪಾತ 312.5. ಇಲ್ಲಿ ಹಲವರು ಎಡವುವ ಒಂದು ವಿಷಯವಿದೆ. ಟ್ರಾನ್ಸ್‌ಫಾರ್ಮರಿಗೆ ತನ್ನದೇ ಆದ 2500 ಓಮ್ ಅಥವಾ 8 ಓಮ್ ಎಂಬುದಿಲ್ಲ; ಅದು ಅನುಪಾತವನ್ನಷ್ಟೇ ಬಲ್ಲದು. ಸೆಕೆಂಡರಿಗೆ 8 ಓಮ್ ಕಟ್ಟಿದರೆ ಟ್ಯೂಬಿಗೆ 2500 ಓಮ್ ಕಾಣುತ್ತದೆ, 4.8 ಓಮ್ ಕಟ್ಟಿದರೆ 1500 ಓಮ್ ಕಾಣುತ್ತದೆ. 2ಎ3 ಟ್ಯೂಬಿನ ಆಂತರಿಕ ಪ್ಲೇಟ್ ರೋಧ 800 ಓಮ್. ಟ್ರಯೋಡಿನ ಹೊರೆ ಆ ರೋಧದ ಎರಡರಷ್ಟಾದರೂ, ವಿರೂಪ ಕಡಿಮೆ ಇರಬೇಕೆಂದರೆ ಮೂರರಿಂದ ಐದರಷ್ಟು ಇರಬೇಕೆಂಬುದು ಹಳೆಯ ಅನುಭವಸಿದ್ಧ ಲೆಕ್ಕ. 1500 ಓಮ್ ಅದರ ಎರಡರಷ್ಟೂ ಆಗಲಿಲ್ಲ. 180 ಹರ್ಟ್ಜ್‌ನ ಕಣಿವೆಯಲ್ಲಿ, ಅಂದರೆ ಪಿಯಾನೊದ ಎಡಗೈ ಓಡಾಡುವ ಜಾಗದಲ್ಲೇ, ನನ್ನ ಟ್ಯೂಬ್ ಏದುಸಿರು ಬಿಡುತ್ತಿತ್ತು.

ಮ್ಯಾಚಿಂಗ್ ಎಂಬ ಪದವೂ ಗೊಂದಲ ಹುಟ್ಟಿಸುತ್ತದೆ. ಗರಿಷ್ಠ ಶಕ್ತಿ ವರ್ಗಾವಣೆಯ ಪ್ರಮೇಯವನ್ನು ಓದಿದವರು ಆಂಪ್ಲಿಫಯರಿನ ಆಂತರಿಕ ರೋಧವೂ ಸ್ಪೀಕರಿನ ಇಂಪಿಡೆನ್ಸೂ ಸಮನಾಗಿರಬೇಕು ಎಂದು ಭಾವಿಸುವುದುಂಟು. ಹಾಗಲ್ಲ. ಆಂಪ್ಲಿಫಯರಿನ 8 ಓಮ್ ತುದಿಯ ಮೇಲೆ ಬರೆದ ಸಂಖ್ಯೆ ಅಲ್ಲಿಗೆ ಎಂಥ ಸ್ಪೀಕರ್ ಕಟ್ಟಬೇಕೆಂದು ಹೇಳುತ್ತದೆಯೇ ಹೊರತು ಅದರ ಸ್ವಂತ ಔಟ್‌ಪುಟ್ ಇಂಪಿಡೆನ್ಸನ್ನು ಹೇಳುವುದಿಲ್ಲ. ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದಂಶವನ್ನು ತಿದ್ದುಪಡಿಗಾಗಿ ಹಿಂದಕ್ಕೆ ಕೊಡುವುದು) ಇಲ್ಲದ ನನ್ನ ಆಂಪ್ಲಿಫಯರಿನಲ್ಲಿ 800 ಓಮ್ ಪ್ಲೇಟ್ ರೋಧ 312.5ರಿಂದ ಭಾಗವಾಗಿ 2.56 ಓಮ್ ಆಗುತ್ತದೆ, ಅದಕ್ಕೆ ಸುರುಳಿಗಳ ತಂತಿಯ ರೋಧ ಸೇರುತ್ತದೆ. ಇದನ್ನೂ ಅಳೆದೆ: ಒಂದೇ ಮಟ್ಟದ ಸಂಕೇತಕ್ಕೆ 16 ಓಮ್ ರೆಸಿಸ್ಟರ್ ಕಟ್ಟಿದಾಗ 3.33 ವೋಲ್ಟ್, 8 ಓಮ್ ಕಟ್ಟಿದಾಗ 2.86 ವೋಲ್ಟ್. ವೋಲ್ಟೇಜಿನ ವ್ಯತ್ಯಾಸವನ್ನು ಪ್ರವಾಹದ ವ್ಯತ್ಯಾಸದಿಂದ ಭಾಗಿಸಿದರೆ ಸುಮಾರು 3.2 ಓಮ್. ಸ್ಪೀಕರಿನ ಇಂಪಿಡೆನ್ಸ್ ಇದರ ಎಷ್ಟರಷ್ಟು ಎಂಬುದನ್ನು ಡ್ಯಾಂಪಿಂಗ್ ಫ್ಯಾಕ್ಟರ್ ಎನ್ನುತ್ತಾರೆ; ಇಲ್ಲಿ 8ನ್ನು 3.2ರಿಂದ ಭಾಗಿಸಿ 2.5.

ಈ 3.2 ಓಮ್ ಸ್ಪೀಕರಿನೊಂದಿಗೆ ಸಾಲಾಗಿ ನಿಂತು ವೋಲ್ಟೇಜನ್ನು ಹಂಚಿಕೊಳ್ಳುತ್ತದೆ. ಸ್ಪೀಕರಿನ ಇಂಪಿಡೆನ್ಸ್ ಹೆಚ್ಚಿರುವ ಕಡೆ ಸ್ಪೀಕರಿಗೆ ದೊಡ್ಡ ಪಾಲು, ಕಡಿಮೆಯಿರುವ ಕಡೆ ಸಣ್ಣ ಪಾಲು. 28 ಓಮ್ ಇರುವ 70 ಹರ್ಟ್ಜ್‌ನಲ್ಲಿ ನಷ್ಟ ಬರೀ 0.9 ಡೆಸಿಬೆಲ್, 4.8 ಓಮ್ ಇರುವ 180 ಹರ್ಟ್ಜ್‌ನಲ್ಲಿ 4.4 ಡೆಸಿಬೆಲ್. ಅಂದರೆ ಮಂದ್ರದ ಒಂದು ಪಟ್ಟಿ ಅದರ ಪಕ್ಕದ ಪಟ್ಟಿಗಿಂತ ಮೂರೂವರೆ ಡೆಸಿಬೆಲ್ ಉಬ್ಬಿಕೊಂಡಿತ್ತು. ಇನ್ನು ಗುಡ್ಡವಿದ್ದ 1500 ಹರ್ಟ್ಜ್ ಸುತ್ತಮುತ್ತ, ಮನುಷ್ಯರ ದನಿಯ ಸ್ಪಷ್ಟತೆ ನೆಲೆಸಿರುವ ಜಾಗದಲ್ಲಿ, ನಷ್ಟ 1.3 ಡೆಸಿಬೆಲ್ ಮಾತ್ರವಾದ್ದರಿಂದ ಅದೂ ಕಣಿವೆಗಿಂತ 3 ಡೆಸಿಬೆಲ್ ಮೇಲೆದ್ದಿತ್ತು. ಹಾಡುಗಾರ್ತಿ ಒಂದು ಹೆಜ್ಜೆ ಮುಂದೆ ಬಂದು ನಿಂತದ್ದು ಇದರಿಂದ. ಟ್ಯೂಬಿನ ಮಾಂತ್ರಿಕತೆ ಎಂದು ನಾನು ನಂಬಿದ್ದರಲ್ಲಿ ದೊಡ್ಡ ಪಾಲು, ನನ್ನ ಸ್ಪೀಕರಿನ ಇಂಪಿಡೆನ್ಸ್ ರೇಖೆಯ ನೆರಳು ಧ್ವನಿಯ ಮೇಲೆ ಬಿದ್ದದ್ದಾಗಿತ್ತು. ಇದನ್ನು ಕಾಗದದ ಮೇಲೆ ಕಂಡ ದಿನ ನನಗೆ ಬೇಸರವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಬೇಸರ ಕಳೆದ ಮೇಲೆ, ಟ್ಯೂಬೂ ಸ್ಪೀಕರೂ ಬೇರೆಬೇರೆ ಉಪಕರಣಗಳಲ್ಲ, ಎರಡೂ ಕೂಡಿ ಒಂದೇ ವಾದ್ಯ ಎಂಬುದು ಮನಸ್ಸಿನಲ್ಲಿ ಗಟ್ಟಿಯಾಯಿತು.

ಸ್ವರಗಳು ಅಂಟಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೋನಿನ ಓಲಾಟವನ್ನು ಹಿಡಿದು ನಿಲ್ಲಿಸುವುದರಲ್ಲಿ ವಿದ್ಯುತ್ ತಡೆಯ ಪಾತ್ರ ದೊಡ್ಡದು, ಮತ್ತು ಆ ತಡೆಯ ಬಲ ವಾಯ್ಸ್ ಕಾಯಿಲಿನ ಡಿಸಿ ರೋಧದ ಜೊತೆಗೆ ಆಂಪ್ಲಿಫಯರಿನ ಔಟ್‌ಪುಟ್ ಇಂಪಿಡೆನ್ಸ್ ಕೂಡಿದಷ್ಟೂ ಕುಗ್ಗುತ್ತದೆ. ಊಫರಿನ ತಾಂತ್ರಿಕ ವಿವರಗಳಲ್ಲಿ ಕ್ಯೂಇಎಸ್ ಎಂಬ ಸಂಖ್ಯೆ ಇದನ್ನೇ ಸೂಚಿಸುತ್ತದೆ, ಅದು ಹೆಚ್ಚಿದಷ್ಟೂ ತಡೆ ಕಡಿಮೆ. 6 ಓಮ್ ಡಿಸಿ ರೋಧವೂ 0.35 ಕ್ಯೂಇಎಸ್ಸೂ ಇರುವ ಊಫರಿಗೆ 3.2 ಓಮ್ ಸೇರಿದರೆ ಆ ಸಂಖ್ಯೆ 0.54ಕ್ಕೆ ಏರುತ್ತದೆ. 0.35ಕ್ಕೆಂದು ಅಳೆದು ಕಟ್ಟಿದ ಗಾಳಿಕಿಂಡಿಯ ಪೆಟ್ಟಿಗೆ 0.54ಕ್ಕೆ ಹೊಂದುವುದಿಲ್ಲ, ಸ್ವರ ನಿಂತ ಮೇಲೂ ಪೆಟ್ಟಿಗೆ ಗುನುಗುತ್ತಿರುತ್ತದೆ. ಇದೇ ಸಂಗತಿ ಬಲವಾದ ಅಯಸ್ಕಾಂತದ, 0.22ರಂಥ ಕ್ಯೂಇಎಸ್ ಇರುವ ಹಳೆಯ ಶೈಲಿಯ ಡ್ರೈವರುಗಳಿಗೆ ವರವಾಗುತ್ತದೆ. ಟ್ರಾನ್ಸಿಸ್ಟರ್ ಆಂಪ್ಲಿಫಯರಿನಲ್ಲಿ ಮಂದ್ರವೇ ಇಲ್ಲದೆ ತೆಳ್ಳಗೆ ಕೇಳುವ ಅವು, ಟ್ಯೂಬಿನೊಂದಿಗೆ 0.34ರ ಸುತ್ತ ಬಂದು ಮೈದುಂಬಿಕೊಳ್ಳುತ್ತವೆ. ಡ್ಯಾಂಪಿಂಗ್ ಫ್ಯಾಕ್ಟರ್ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.

ಹೊಸ ಸ್ಪೀಕರ್ ಕೊಳ್ಳುವ ಮೊದಲು ಕೈಯಲ್ಲಿರುವುದರಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಟ್ರಾನ್ಸ್‌ಫಾರ್ಮರಿನಲ್ಲಿ 4 ಓಮ್ ತುದಿ ಇದ್ದರೆ ಸ್ಪೀಕರನ್ನು ಅಲ್ಲಿಗೆ ಬದಲಾಯಿಸಿ ನೋಡುವುದು. 4 ಓಮ್ ತುದಿಯಲ್ಲಿ ಅನುಪಾತ 625. ಆಗ ನನ್ನ 4.8 ಓಮ್ ಕಣಿವೆ ಟ್ಯೂಬಿಗೆ 3000 ಓಮ್ ಆಗಿ ಕಾಣುತ್ತದೆ, ಔಟ್‌ಪುಟ್ ಇಂಪಿಡೆನ್ಸ್ ಅರ್ಧವಾಗಿ 1.6 ಓಮ್‌ಗೆ ಇಳಿಯುತ್ತದೆ, ಗುಡ್ಡಕ್ಕೂ ಕಣಿವೆಗೂ ನಡುವಿನ ಅಂತರ ಮೂರೂವರೆಯಿಂದ 2 ಡೆಸಿಬೆಲ್‌ಗೆ ಬರುತ್ತದೆ. ನಿಜವಾಗಿಯೂ 8 ಓಮ್ ಇರುವ ಸ್ಪೀಕರನ್ನು 4 ಓಮ್ ತುದಿಗೆ ಕಟ್ಟಿದರೂ ಹಾನಿಯೇನಿಲ್ಲ. ಟ್ಯೂಬಿಗೆ 5000 ಓಮ್ ಕಾಣುತ್ತದೆ, ಶಕ್ತಿ 3.5ರಿಂದ ಸುಮಾರು 2.3 ವ್ಯಾಟ್‌ಗೆ ಇಳಿಯುತ್ತದೆ, ಅಂದರೆ 2 ಡೆಸಿಬೆಲ್‌ಗಿಂತ ಕಡಿಮೆ ನಷ್ಟ, ಮತ್ತು ವಿರೂಪ ತಗ್ಗುತ್ತದೆ. ನನ್ನ ಪುಟ್ಟ ಸ್ಪೀಕರುಗಳಲ್ಲಿ ಪಿಯಾನೊದ ಎಡಗೈ ಆ ಒಂದೇ ಬದಲಾವಣೆಯಿಂದ ಬಿಡಿಬಿಡಿಯಾಯಿತು. ಹಾಡುಗಾರ್ತಿ ಅರ್ಧ ಹೆಜ್ಜೆ ಹಿಂದೆ ಸರಿದರು, ಅದೇ ಅವರ ನಿಜವಾದ ಜಾಗವೆಂದು ಈಗ ಅನ್ನಿಸುತ್ತದೆ.

ಬದಲಾಯಿಸುವಾಗ ಆಂಪ್ಲಿಫಯರನ್ನು ಆರಿಸಿಯೇ ಬದಲಾಯಿಸಬೇಕು. ಟ್ಯೂಬ್ ಆಂಪ್ಲಿಫಯರನ್ನು ಸ್ಪೀಕರ್ ಅಥವಾ ಹೊರೆ ಇಲ್ಲದೆ ಸಂಕೇತ ಕೊಟ್ಟು ನಡೆಸಬಾರದು. ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ಏಳುವ ವೋಲ್ಟೇಜು ಸುರುಳಿಯ ನಿರೋಧಕವನ್ನೋ ಟ್ಯೂಬಿನ ಬುಡವನ್ನೋ ಸುಡಬಲ್ಲದು, ಐದು ವಿದ್ಯುದ್ವಾರಗಳಿರುವ ಪೆಂಟೋಡ್ ಟ್ಯೂಬುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಒಳಗೆ ಪ್ರಾಣಾಂತಿಕ ವೋಲ್ಟೇಜು ಆರಿಸಿದ ಮೇಲೂ ಕೆಪ್ಯಾಸಿಟರುಗಳಲ್ಲಿ ಉಳಿದಿರುತ್ತದೆ ಎಂಬುದನ್ನು ಹೊದಿಕೆ ತೆಗೆಯುವವರು ಮರೆಯಬಾರದು.

ಸ್ಪೀಕರಿನ ರೇಖೆಯನ್ನೇ ಸಪಾಟು ಮಾಡುವ ದಾರಿಯೂ ಉಂಟು. ವಾಯ್ಸ್ ಕಾಯಿಲಿನ ಇಂಡಕ್ಟೆನ್ಸಿನಿಂದ ಮೇಲಕ್ಕೆ ಏರುತ್ತ ಹೋಗುವ ಇಂಪಿಡೆನ್ಸನ್ನು ಊಫರಿಗೆ ಅಡ್ಡಲಾಗಿ ಕಟ್ಟುವ ಜೋಬೆಲ್ ಜಾಲ ಹಿಡಿದಿಡುತ್ತದೆ. 6 ಓಮ್ ಡಿಸಿ ರೋಧ, 0.5 ಮಿಲಿಹೆನ್ರಿ ಇರುವ ಊಫರಿಗೆ 7.5 ಓಮ್ ರೆಸಿಸ್ಟರೂ 9 ಮೈಕ್ರೋಫ್ಯಾರಡ್ ಕೆಪ್ಯಾಸಿಟರೂ ಸಾಲಾಗಿ ಸಾಕು. ಅನುರಣನದ ಗುಡ್ಡವನ್ನು ತಗ್ಗಿಸಲು ರೆಸಿಸ್ಟರ್, ಕಾಯಿಲ್, ಕೆಪ್ಯಾಸಿಟರ್ ಮೂರೂ ಬೇಕು, ಮತ್ತು ಅಷ್ಟು ಕೆಳಗಿನ ಆವೃತ್ತಿಗೆ ಅವು ಗಾತ್ರದಲ್ಲಿ ದೊಡ್ಡವಾಗುತ್ತವೆ. ಗುಡ್ಡಗಳನ್ನು ಹೀಗೆ ತಗ್ಗಿಸಬಹುದು, ಆದರೆ ಕಣಿವೆಯನ್ನು ತುಂಬಲಾಗುವುದಿಲ್ಲ, ಸೆನ್ಸಿಟಿವಿಟಿಯಂತೂ ಒಂದು ಡೆಸಿಬೆಲ್ಲೂ ಏರುವುದಿಲ್ಲ.

ಇಎಲ್84ರಂಥ ಪೆಂಟೋಡ್ ಬಳಸುವವರ ಸ್ಥಿತಿ ಸ್ವಲ್ಪ ಬೇರೆ. ಒಂದು ಟ್ಯೂಬಿನಿಂದ 5 ವ್ಯಾಟ್ ದಾಟುತ್ತದೆ, ಆದರೆ ಪೆಂಟೋಡಿನ ಆಂತರಿಕ ರೋಧ ಬಹಳ ಹೆಚ್ಚಾದ್ದರಿಂದ ಫೀಡ್‌ಬ್ಯಾಕ್ ಇಲ್ಲದಿದ್ದರೆ ಸ್ಪೀಕರಿನ ರೇಖೆ ಧ್ವನಿಯಲ್ಲಿ ಹಾಗೆಯೇ ಮೂಡುತ್ತದೆ. ಫೀಡ್‌ಬ್ಯಾಕ್ ಎಂದರೆ ಮೂಗು ಮುರಿಯುವವರಲ್ಲಿ ನಾನೂ ಒಬ್ಬನಾಗಿದ್ದೆ. ಮಿತವಾಗಿ ಕೊಟ್ಟ ಫೀಡ್‌ಬ್ಯಾಕ್ ಔಟ್‌ಪುಟ್ ಇಂಪಿಡೆನ್ಸನ್ನು ಇಳಿಸಿ ಸಾಧಾರಣ ಸ್ಪೀಕರುಗಳೊಂದಿಗೂ ಹೊಂದಾಣಿಕೆ ತರುತ್ತದೆ ಎಂಬುದನ್ನು ಅಳತೆ ಮಾಡಿ ನೋಡಿದ ಮೇಲೆ ಆ ಹಟ ಬಿಟ್ಟೆ.

ಇಷ್ಟೆಲ್ಲ ತಿಳಿದ ಮೇಲೆ ಉಳಿದದ್ದು ಟ್ಯೂಬಿಗೆ ಒಪ್ಪುವ ಸ್ಪೀಕರನ್ನು ಹುಡುಕುವ ಕೆಲಸ. ಹುಡುಕುವಾಗ ನೆನಪಿಡಬೇಕಾದ ಭೌತನಿಯಮವೊಂದಿದೆ. ಪೆಟ್ಟಿಗೆಯ ಗಾತ್ರ, ಮಂದ್ರದ ಆಳ, ಸೆನ್ಸಿಟಿವಿಟಿ ಈ ಮೂರರಲ್ಲಿ ಎರಡನ್ನು ಆರಿಸಿಕೊಂಡರೆ ಮೂರನೆಯದನ್ನು ಬಿಟ್ಟುಕೊಡಬೇಕು. ಇದನ್ನು ಹಾಫ್‌ಮನ್ನನ ಕಬ್ಬಿಣದ ನಿಯಮ ಎನ್ನುತ್ತಾರೆ. ದಕ್ಷತೆ ಪೆಟ್ಟಿಗೆಯ ಗಾತ್ರಕ್ಕೂ ಮಂದ್ರದ ಕಡೆಯ ಆವೃತ್ತಿಯ ಘನಕ್ಕೂ ಅನುಪಾತದಲ್ಲಿರುತ್ತದೆ. ಅದೇ ದಕ್ಷತೆಯಲ್ಲಿ ಮಂದ್ರವನ್ನು ಅರ್ಧ ಆವೃತ್ತಿಗೆ ಇಳಿಸಬೇಕೆಂದರೆ ಪೆಟ್ಟಿಗೆ ಎಂಟರಷ್ಟು ದೊಡ್ಡದಾಗಬೇಕು. ಪುಟ್ಟ ಪೆಟ್ಟಿಗೆ, ಆಳವಾದ ಮಂದ್ರ, 96 ಡೆಸಿಬೆಲ್ ಮೂರನ್ನೂ ಕೊಡುತ್ತೇವೆನ್ನುವ ಜಾಹೀರಾತನ್ನು ಕಂಡರೆ ಮುಂದೆ ನಡೆಯುವುದೇ ಸರಿ.

ಈ ನಿಯಮದ ಹಿನ್ನೆಲೆಯಲ್ಲಿ ಇತಿಹಾಸವೂ ಅರ್ಥವಾಗುತ್ತದೆ. ಚಲನಚಿತ್ರ ಮಂದಿರಗಳನ್ನು ಕೆಲವೇ ವ್ಯಾಟುಗಳಲ್ಲಿ ತುಂಬಬೇಕಾಗಿದ್ದ 1930ರ ದಶಕದಲ್ಲಿ ಸ್ಪೀಕರುಗಳು ಕಪಾಟಿನಷ್ಟು ದೊಡ್ಡ ಕಹಳೆಗಳಾಗಿದ್ದವು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ 300ಬಿ ಹುಟ್ಟಿದ್ದು ಅದೇ ಕಾಲದಲ್ಲಿ. 1940ರ ದಶಕದಲ್ಲಿ ಪಾಲ್ ಕ್ಲಿಪ್ಷ್ ಕೋಣೆಯ ಮೂಲೆಯನ್ನೇ ಕಹಳೆಯ ಬಾಯಿಯ ವಿಸ್ತರಣೆಯಾಗಿ ಬಳಸಿದ ಕ್ಲಿಪ್ಷ್‌ಹಾರ್ನ್ ತಯಾರಿಸಿದರು, ಅದರ ಸೆನ್ಸಿಟಿವಿಟಿ 100 ಡೆಸಿಬೆಲ್ ಮೀರುತ್ತದೆ. 1954ರಲ್ಲಿ ಎಡ್ಗರ್ ವಿಲ್ಚರ್ ಅವರ ಎಆರ್-1 ಬಂತು. ಮುಚ್ಚಿದ ಪುಟ್ಟ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗ್ ಆಗಿಸಿಕೊಂಡು ಆಳವಾದ ಮಂದ್ರವನ್ನು ನುಡಿಸಿದ ಆ ಸ್ಪೀಕರ್ ಅದಕ್ಕೆ ತೆತ್ತ ಬೆಲೆ ಸೆನ್ಸಿಟಿವಿಟಿ. ಮುಂದೆ ಟ್ರಾನ್ಸಿಸ್ಟರ್ ವ್ಯಾಟುಗಳನ್ನು ಅಗ್ಗ ಮಾಡಿದ ಮೇಲೆ ಆ ಬೆಲೆ ಯಾರಿಗೂ ಭಾರವೆನಿಸಲಿಲ್ಲ. ಸಾಮಾನ್ಯ ಸ್ಪೀಕರ್ ಇಂದು ತನಗೆ ಕೊಟ್ಟ ವಿದ್ಯುತ್ತಿನಲ್ಲಿ ಶೇ. 1ನ್ನೂ ಧ್ವನಿಯಾಗಿಸುವುದಿಲ್ಲ, 92 ಡೆಸಿಬೆಲ್ ಎಂದರೆ ಶೇ. 1 ದಕ್ಷತೆ, 102 ಎಂದರೆ ಶೇ. 10. ಉಳಿದದ್ದೆಲ್ಲ ವಾಯ್ಸ್ ಕಾಯಿಲಿನಲ್ಲಿ ಶಾಖವಾಗುತ್ತದೆ.

ನಾನು ಕೊನೆಗೆ ಆರಿಸಿದ್ದು ಕಾಗದದ ಕೋನಿನ ದೊಡ್ಡ ಊಫರೂ ಪುಟ್ಟ ಕಹಳೆಯೂ ಇರುವ, ಸರಳ ಕ್ರಾಸ್‌ಓವರಿನ ಜೋಡಿಯೊಂದನ್ನು. ಪೆಟ್ಟಿಗೆ ಸೊಂಟದೆತ್ತರ ಬರುತ್ತದೆ, ಮಂದ್ರ 45 ಹರ್ಟ್ಜ್‌ನ ಕೆಳಗೆ ಕೈಬಿಡುತ್ತದೆ, ಆ ಕೊರತೆಯನ್ನು ತಿಳಿದೇ ಒಪ್ಪಿಕೊಂಡೆ. ಹಾಗೆ ನೋಡಿದರೆ ಸಿಂಗಲ್ ಎಂಡೆಡ್ ಟ್ರಾನ್ಸ್‌ಫಾರ್ಮರಿಗೂ ಅದಕ್ಕಿಂತ ಆಳದಲ್ಲಿ ಪೂರ್ಣ ಶಕ್ತಿ ಒದಗಿಸುವುದು ಕಷ್ಟ. ಆವೃತ್ತಿ ಅರ್ಧವಾದರೆ ಕಬ್ಬಿಣದ ತಿರುಳಿನ ಮೇಲಿನ ಕಾಂತೀಯ ಹೊರೆ ಇಮ್ಮಡಿಯಾಗುತ್ತದೆ. ತರುವ ಮೊದಲೇ 1000 ಓಮ್ ರೆಸಿಸ್ಟರನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅಳೆದೆ. ಸೆನ್ಸಿಟಿವಿಟಿ 96, ಅತ್ಯಂತ ಕೆಳಗಿನ ಇಂಪಿಡೆನ್ಸ್ 7 ಓಮ್, ಅನುರಣನದ ಗುಡ್ಡವನ್ನು ಬಿಟ್ಟರೆ ಎಲ್ಲಿಯೂ 14 ಓಮ್ ದಾಟುವುದಿಲ್ಲ. 3.2 ಓಮ್ ಔಟ್‌ಪುಟ್ ಇಂಪಿಡೆನ್ಸಿಗೆ ಈ ರೇಖೆ ಉಂಟುಮಾಡುವ ಏರಿಳಿತ ಒಂದೂವರೆ ಡೆಸಿಬೆಲ್. ಅದೇ ಹಳೆಯ ಲೆಕ್ಕವನ್ನು ಮತ್ತೆ ಹಾಕಿದರೆ ನನ್ನ ಕುರ್ಚಿಯಲ್ಲಿ ಗರಿಷ್ಠ ಧ್ವನಿ 99 ಡೆಸಿಬೆಲ್ ಮೀರುತ್ತದೆ.

ಆ ಪಿಯಾನೊ ಮುದ್ರಿಕೆಯನ್ನು ಮತ್ತೆ ಹಾಕಿ ಆಸಿಲೋಸ್ಕೋಪಿನ ಮುಂದೆ ಕುಳಿತೆ. 8 ಓಮ್‌ನಲ್ಲಿ 3.5 ವ್ಯಾಟ್ ಎಂದರೆ ಅಲೆಯ ನೆತ್ತಿ 7.5 ವೋಲ್ಟ್ ಮುಟ್ಟಬೇಕು. ಮೊದಲಿನಷ್ಟೇ ಗಟ್ಟಿಯಾಗಿ ಕೇಳುತ್ತಿದ್ದಾಗ ಹೆಚ್ಚಿನ ಹೊತ್ತು ಪರದೆಯ ಗೆರೆ ಅರ್ಧ ವೋಲ್ಟಿನ ಆಚೀಚೆ ನಡುಗುತ್ತಿತ್ತು. ಎಡಗೈ ಪೂರ್ಣ ಬಲದಿಂದ ಇಳಿದ ಕಡೆ ಅದು ಜಿಗಿದು 4 ವೋಲ್ಟ್ ಮುಟ್ಟಿ, ದುಂಡಗಿನ ನೆತ್ತಿಯೊಂದಿಗೇ ಹಿಂದಿರುಗಿತು. ನಾಲ್ಕು ವೋಲ್ಟಿನ ನೆತ್ತಿ ಎಂದರೆ 1 ವ್ಯಾಟ್.